ಹಸಿರುಮನೆಯ ಹರಕು

ಜನವರಿ 12, ಸೋಮವಾರ

ಹಸಿರುಮನೆಯ ಪ್ಲಾಸ್ಟಿಕ್ ಗೋಡೆ ಹರಿದಿದ್ದ ಕಡೆ ಪಾಲಕ್ ಎಲೆ ಅಂಗೈಯಗಲ ಇತ್ತು, ಮಿಕ್ಕ ಕಡೆಯೆಲ್ಲ ಬೆರಳುದ್ದ. ಹರಿದದ್ದು ಬೆಕ್ಕೇ ಅಂತ ಅದಕ್ಕೆ ಬೈದು, ಹರಕಿಗೆ ಟೇಪು ಅಂಟಿಸಿ ಹತ್ತು ದಿನವಾಯಿತು. ಈಗ ಅಲ್ಲಿನ ಗಿಡಗಳೂ ಮುನಿಸಿಕೊಂಡು ಕೂತಿವೆ. ನೀರು ಅದೇ, ಗೊಬ್ಬರ ಅದೇ. ಮತ್ತೇನು ಬದಲಾಯಿತು?

ಇವತ್ತು ಬೀಜದಂಗಡಿಯವರಿಂದ ಗಾಳಿ ಅಳೆಯುವ ಮೀಟರ್ ಇಸಕೊಂಡು ಬಂದೆ. ಮಟಮಟ ಮಧ್ಯಾಹ್ನ ಹೊರಗೆ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಪಾಲು ಗಾಳಿಗೆ 420, ಒಳಗೆ ಬರೀ 210! ನಾವು ಬಿಟ್ಟ ಉಸಿರೇ ಗಿಡಗಳಿಗೆ ಊಟ. ಬಿಸಿಲೇರುವಷ್ಟರಲ್ಲಿ ಒಳಗಿದ್ದದ್ದನ್ನೆಲ್ಲ ತಿಂದು ಮುಗಿಸಿ ಹಸಿದು ಕೂತಿದ್ದವು, ಪಾಪ. ಬೆಚ್ಚಗಿರಲಿ ಅಂತ ಒಂದು ಸಂದೂ ಬಿಡದೆ ಮುಚ್ಚಿದವಳು ನಾನೇ.

ಟೇಪು ಕಿತ್ತೆ. ಹರಕಿನ ಅಂಚು ಒಂದೇ ಸಮ ಹಲ್ಲುಹಲ್ಲಾಗಿತ್ತು. ಯಾವ ಬೆಕ್ಕಿನ ಉಗುರು ಹಾಗೆ ಕತ್ತರಿಸುತ್ತೆ? ಬಟ್ಟೆಯ ಅಂಚು ಬಿಚ್ಚದಿರಲಿ ಅಂತ ಬಳಸುವ ಹಲ್ಲಿನ ಕತ್ತರಿ ಈ ಮನೆಯಲ್ಲಿ ಇರುವುದು ಒಬ್ಬರ ಹತ್ತಿರ.

"ಅತ್ತೆ, ಗಿಡಕ್ಕೆ ಗಾಳಿ ಸಾಲಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂದೆ.

ಅತ್ತೆ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಲಿಲ್ಲ. "ಗಿಡದ ವಿಷಯ ನಂಗೇನು ಗೊತ್ತು? ಇಪ್ಪತ್ತು ವರ್ಷ ಕಿಟಕಿಗೆ ಮೊಳೆ ಹೊಡೆದಿದ್ದ ಹೊಲಿಗೆ ಕಾರ್ಖಾನೆಯಲ್ಲಿ ಕೂತಿದ್ದೆ ಕಣೇ. ನಿನ್ನ ಹಸಿರುಮನೆ ಒಳಗೆ ಕಾಲಿಟ್ಟಾಗ ಅದೇ ನೆನಪಾಯ್ತು."

ಕಾರ್ಖಾನೆಯ ಮಾತು ನನ್ನೆದುರು ಆಡಿದ್ದು ಇದೇ ಮೊದಲು. ನಾಳೆ ಎದುರು ಗೋಡೆಗೂ ಅವರ ಕೈಯಿಂದಲೇ ಕತ್ತರಿ ಹಾಕಿಸಬೇಕು. ಎಷ್ಟು ಅಗಲ ಬೇಕೋ ಅವರನ್ನೇ ಕೇಳಿ—

ಅತ್ತೆ ಮಲಗಿದ ಮೇಲೆ ಅವರ ಕೋಣೆಯ ಕಿಟಕಿ ಮುಚ್ಚಿ ಬರುವವಳೂ ನಾನೇ, ದಿನಾ, ಚಳಿ ಅಂತ. ಇವತ್ತು ಹೋದೆ. ಮುಚ್ಚದೆ ಬಂದೆ.