ರಟ್ಟಿನ ಹುಡುಗಿಯ ಬಾಗಿಲು

ರಂಗಮಂದಿರದ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಚೋಟೂ,

ಹೇಗಿದ್ದೀಯ? ಹೋದ ತಿಂಗಳ ಕೆಮ್ಮು ಪೂರ್ತಿ ಬಿಟ್ಟಿತೇ? ನಿನಗೆ ಕನ್ನಡಕ ಬಂದಿದೆಯೆಂದು ಅತ್ತೆ ಹೇಳಿದಳು. ಯಾವ ಬಣ್ಣದ್ದು ಎಂದರೆ ಅವಳಿಗೆ ನೆನಪಿಲ್ಲ. ನನ್ನ ತಂಗಿಗೆ ಪಕ್ಕದ ಮನೆಯ ಜಗಳವೆಲ್ಲ ಅಕ್ಷರಶಃ ನೆನಪಿರುತ್ತದೆ, ಇಂಥವು ಮಾತ್ರ ಇರುವುದಿಲ್ಲ. ಅಮ್ಮ ಆರಾಮವೇ? ಸೊಂಟ ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನಿನ್ನ ಬಾಯಿಂದ ‘ಹೂಂ’, ‘ಊಹೂಂ’ ಬಿಟ್ಟು ಬೇರೇನೂ ಹೊರಡುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಈಗ ರಂಗಸಜ್ಜಿಕೆಗೆಂದು ಕೈಯಲ್ಲಿರುವುದು ನೂರೈವತ್ತು ವರ್ಷದಷ್ಟು ಹಳೆಯ ನಾಟಕ. ಅಪ್ಪನೊಬ್ಬ ಮನೆಯವರನ್ನೆಲ್ಲ ಹದ್ದುಬಸ್ತಿನಲ್ಲಿಟ್ಟಿರುತ್ತಾನೆ. ಕೊನೆಯ ಅಂಕದಲ್ಲಿ ಮಗಳು ಅವನೆದುರೇ ತಲೆಯೆತ್ತಿಕೊಂಡು ಹೊರಟುಹೋಗುತ್ತಾಳೆ. ರಂಗದ ಮೇಲೆ ಒಂದೇ ಕೋಣೆ: ಹಸಿರು ಗೋಡೆ, ಭಾರದ ಪರದೆ, ಕೂತರೆ ಬೆನ್ನು ನೋಯುವ ಕುರ್ಚಿ, ಹಿಂದೆ ನಟ್ಟನಡುವೆ ಒಂದು ಬಾಗಿಲು. ದೀಪದ ಬೆಳಕು ಬಿದ್ದೊಡನೆ ಗೋಡೆಯ ಹಸಿರು ಪಾಚಿಯಂತೆ ಕಂಡು, ಎರಡು ಸಲ ಮತ್ತೆ ಬಳಿಸಿದೆ. ಮಿಕ್ಕಿದ್ದು ಹೇಗಾದರೂ ಇರಲಿ, ಬಾಗಿಲು ಸರಿಯಿರಬೇಕು ಎಂದು ನಿರ್ದೇಶಕಿ ಮೊದಲ ದಿನವೇ ಹೇಳಿದ್ದರು.

ಎಂದಿನಂತೆ ಮೊದಲು ರಟ್ಟಿನಲ್ಲಿ ಪುಟ್ಟ ಮಾದರಿ ಮಾಡಿದೆ. ಅಳತೆ ಕಣ್ಣಿಗೆ ಗೊತ್ತಾಗಲೆಂದು ಅದರೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತೇವಲ್ಲ, ನನ್ನ ಮಾದರಿಗಳಲ್ಲಿ ನಿಲ್ಲುವವಳು ನೀನೇ, ಎರಡು ಜಡೆಯವಳು. ಪ್ರತಿವರ್ಷ ಅಡುಗೆಮನೆಯ ಬಾಗಿಲಿಗೆ ನಿನ್ನನ್ನು ಒರಗಿಸಿ ಗೆರೆ ಎಳೆದು, ಆ ಲೆಕ್ಕಕ್ಕೆ ಹೊಸ ರಟ್ಟಿನ ಚೋಟುವನ್ನು ಕತ್ತರಿಸುತ್ತಿದ್ದೆ. ನಾನೂ ಅಮ್ಮನೂ ಬೇರೆಯಾಗಿ ನೀನು ಅವಳ ಜೊತೆ ಆ ಊರಿಗೆ ಹೋದ ಮೇಲೆ ಗೆರೆ ಎಳೆದಿಲ್ಲ. ಹಾಗಾಗಿ ಹನ್ನೊಂದು ವರ್ಷದ ಚೋಟುವೇ ಈ ನಾಲ್ಕು ವರ್ಷ ಎಲ್ಲ ನಾಟಕಗಳಿಗೂ ದುಡಿಯುತ್ತಿದ್ದಾಳೆ. ಒಂದು ಜಡೆ ಸವೆದೇಹೋಗಿದೆ.

ಮಾದರಿಯಲ್ಲಿ ಬಾಗಿಲನ್ನು ನಾನಿನ್ನೂ ಕತ್ತರಿಸಿರಲಿಲ್ಲ. ಎಷ್ಟೆತ್ತರ ಎಂದು ಬಡಗಿ ಕೇಳಿದಾಗ ಬಣ್ಣದ ಗಡಿಬಿಡಿಯಲ್ಲಿ, ನಾಯಕಿಯ ತಲೆಯ ಮೇಲೊಂದು ಗೇಣು ಬಿಡು ಎಂದುಬಿಟ್ಟೆ. ಅವನು ನಾಯಕಿಯನ್ನು ಕಂಡವನಲ್ಲ. ಮಾದರಿಯಲ್ಲಿ ಜಡೆ ಹಾಕಿಕೊಂಡು ನಿಂತವಳೇ ನಾಯಕಿ ಎಂದುಕೊಂಡು, ಅವಳನ್ನು ಅಳೆದು, ನಿಜದ ಅಳತೆಗೆ ಗುಣಿಸಿ, ಮೇಲೊಂದು ಗೇಣು ಬಿಟ್ಟು ಬಾಗಿಲು ನಿಲ್ಲಿಸಿದ. ಹಳೇ ಕಾಲದ ಮನೆ, ಬಾಗಿಲು ಗಿಡ್ಡವೇ ಇರಬೇಕು ಎಂದುಕೊಂಡನಂತೆ. ನಿನ್ನೆ ತಾಲೀಮಿನಲ್ಲಿ ನಾಯಕಿ ಗತ್ತಿನಿಂದ ಹೊರಟವಳು ಹಣೆ ಚಚ್ಚಿಕೊಂಡು ಅಲ್ಲೇ ಕುಸಿದಳು. ಅಪ್ಪನ ಪಾತ್ರದವನಿಗೆ ನಗು ತಡೆಯಲಾಗಲಿಲ್ಲ. ಎರಡನೆಯ ಸಲ ಅವಳು ಬಗ್ಗಿ ದಾಟಿದಳು. ನಿರ್ದೇಶಕಿ ಪುಸ್ತಕ ಮುಚ್ಚಿ, “ತಲೆ ತಗ್ಗಿಸಿ ಹೋಗೋದಾದ್ರೆ ಈ ನಾಟಕಾನೇ ಬೇಡ,” ಅಂದರು. ಶನಿವಾರ ಮೊದಲ ಪ್ರದರ್ಶನ. ನಾನು ಬಡಗಿಯ ಮೇಲೆ ಹರಿಹಾಯ್ದೆ. ಅವನು ರಟ್ಟಿನ ಚೋಟುವನ್ನು ತಂದು ನನ್ನ ಅಂಗೈಯಲ್ಲಿಟ್ಟ. “ಈ ಹುಡುಗಿಗೆ ಸರಿಯಾಗೇ ಮಾಡಿದೀನಲ್ಲ ಸಾರ್. ಇವಳು ಬೆಳೆದ್ರೆ ನಾನೇನ್ ಮಾಡ್ಲಿ?”

ಅವಳನ್ನು ಹಿಡಿದುಕೊಂಡೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ನಿನ್ನ ನೆನಪಾಯಿತು, ಸುಳ್ಳೇಕೆ ಹೇಳಲಿ. ಈಗ ಚೌಕಟ್ಟು ಬಿಚ್ಚಿ ಬಾಗಿಲು ಎತ್ತರಿಸುತ್ತಿದ್ದಾರೆ. ಸುತ್ತಿಗೆಯ ಸದ್ದು ಇಲ್ಲಿಗೂ ಕೇಳುತ್ತಿದೆ. ಶನಿವಾರದೊಳಗೆ ಮುಗಿಯುತ್ತದೆ.

ಅಮ್ಮನಿಗೆ ನಾನು ಕೇಳಿದೆನೆಂದು ಹೇಳು. ಕನ್ನಡಕವನ್ನು ಎಲ್ಲೆಂದರಲ್ಲಿ ಬಿಚ್ಚಿಡಬೇಡ. ಚೆನ್ನಾಗಿರು, ಕಂದ.

ನಿನ್ನ
ಅಪ್ಪ

ಹೇಳಲು ಮರೆತೆ: ಹಳೆಯ ಚೋಟು ನನ್ನ ಜೇಬಿನಲ್ಲಿದ್ದಾಳೆ. ಹೊಸಬಳನ್ನು ಕತ್ತರಿಸೋಣವೆಂದು ಕೂತರೆ, ನೀನೀಗ ಎಷ್ಟೆತ್ತರವೆಂದು ನನಗೆ ಗೊತ್ತಿಲ್ಲ. ಗೋಡೆಗೆ ಒರಗಿ ಅಮ್ಮನ ಕೈಲಿ ಗೆರೆ ಎಳೆಸಿ ಅಳತೆ ಬರೆದು ಕಳಿಸು. ಮೊದಲಿನ ಹಾಗೆ ಹಿಮ್ಮಡಿ ಎತ್ತಿ ಮೋಸ ಮಾಡಬೇಡ. ಇಲ್ಲವಾದರೆ ರಜೆಗೆ ನೀನೇ ಬಾ. ಅಡುಗೆಮನೆಯ ಬಾಗಿಲಿಗೆ ನಾನಿನ್ನೂ ಬಣ್ಣ ಹೊಡೆಸಿಲ್ಲ.