ದೋನ್ಕಾ ಅತ್ತೆಯ ನಲವತ್ತನೇ ದಿನದ ಹಾಳೆ

ಮಾರ್ಚ್ 9, ಭಾನುವಾರ

ಮತ್ತೆ ಅದೇ ಖಾಲಿ ಕಾಗದದ ಮುಂದೆ. ಅತ್ತೆ ತೀರಿಕೊಂಡ ನಲವತ್ತನೇ ದಿನದ ಹಾಳೆ — ನಮ್ಮ ಬಲ್ಗೇರಿಯದ ರೂಢಿಯಂತೆ ಮನೆಬಾಗಿಲಿಗೆ, ಬಸ್ ಸ್ಟಾಪಿಗೆ, ಶಾಲೆಯ ಗೇಟಿಗೆ ಅಂಟಿಸಬೇಕು. ಫೋಟೊ, ಹೆಸರು, ಕೆಳಗೆ ನಾಲ್ಕು ಸಾಲು. ಸತ್ತ ದಿನದ ಹಾಳೆಗೆ ಪ್ರಿಂಟಿಂಗ್ ಅಂಗಡಿಯ ಮಿಲ್ಕೊನೇ ಏನೋ ಬರೆದುಕೊಟ್ಟಿದ್ದ. ಈ ಸಲ ಒಪ್ಪಲಿಲ್ಲ.

"ಊರವ್ರಿಗೆಲ್ಲ ಒಂದೇ ಪದ್ಯ ಹಾಕ್ತೀನಿ ಇಸ್ಕ್ರಾ. ನಿಮ್ಮತ್ತೆಗೂ ಅದೇನಾ? ನನ್ ಕೈಗೆ ಪೆನ್ಸಿಲ್ ಹಿಡಿಸಿದವ್ರು ಕಣೇ. ನೀನೇ ಬರಿ."

ತೊಂಬತ್ತು ವರ್ಷದ ಬದುಕು. ಒಂದೇ ಶಾಲೆಯಲ್ಲಿ ನಲವತ್ತೊಂದು ವರ್ಷ ಪಾಠ. ಮದುವೆ ಆಗಲಿಲ್ಲ. ನನಗೆ ಆರು ವರ್ಷವಾದಾಗ ಅಮ್ಮ ತೀರಿಹೋದಳು, ಆಮೇಲೆ ಅತ್ತೆಯೇ ಎಲ್ಲ. ಅವಳ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಉಣ್ಣೆಯ ಕಾಲುಚೀಲ ಇರುತ್ತಿದ್ದವು, ಹಿಮದಲ್ಲಿ ನೆನೆದು ಬಂದ ಮಕ್ಕಳಿಗೆ. ತಾನೇ ಹೆಣೆಯುತ್ತಿದ್ದಳು. ಇದನ್ನೆಲ್ಲ ನಾಲ್ಕು ಸಾಲಿನಲ್ಲಿ... ಆನೆಯನ್ನು ಕನ್ನಡಿಯಲ್ಲಿ ತೋರಿಸಿದ ಹಾಗೆ. ಏನೂ ಬರೆಯಲಿಲ್ಲ.

ಮಾರ್ಚ್ 12, ಸಂಜೆ 5

ನಾಜಿಯೆಯ ಫೋನ್! ಟರ್ಕಿಯಿಂದ. ಮೂರನೇ ಕ್ಲಾಸಿನಲ್ಲಿ ನನ್ನ ಬೆಂಚಿನವಳು. 89ರಲ್ಲಿ ಮನೆಮಂದಿಯೆಲ್ಲ ಗಡಿ ದಾಟಿ ಹೋದ ಮೇಲೆ ದನಿ ಕೇಳಿದ್ದು ಇವತ್ತೇ. ಫೇಸ್‌ಬುಕ್‌ನಲ್ಲಿ ಸುದ್ದಿ ನೋಡಿದಳಂತೆ. ನಲವತ್ತನೇ ದಿನಕ್ಕೆ ಬಸ್ಸಿನಲ್ಲಿ ಬರುತ್ತಾಳಂತೆ.

"ಹಾಳೇಲಿ ಒಂದ್ ಮಾತು ಹಾಕು. ಆ ಚಳಿಗಾಲ ಸರ್ಕಾರದೋರು ನಮ್ ತುರ್ಕರ ಹೆಸರೆಲ್ಲ ಕಿತ್ಕೊಂಡು ಬಲ್ಗೇರಿಯದ ಹೆಸರಿಟ್ರಲ್ಲ? ದೋನ್ಕಾ ಟೀಚರ್ ನಮ್ಮನ್ನ ಒಂದಿನಾನೂ ಆ ಹೆಸರಲ್ಲಿ ಕರೀಲಿಲ್ಲ. ಊರಿಗೆ ಗೊತ್ತಾಗ್ಲಿ."

ಹಾಕ್ತೀನಿ ಅಂದೆ.

ಮಾರ್ಚ್ 13

ಬರೆದೆ. 'ಯಾವ ಮಗುವನ್ನೂ ಅದರ ಸ್ವಂತ ಹೆಸರು ಬಿಟ್ಟು ಬೇರೆ ಹೆಸರಿನಿಂದ ಕರೆಯದವರು.' ಮಿಲ್ಕೊ ಓದಿ ಕಣ್ಣೊರೆಸಿಕೊಂಡ. ಐವತ್ತು ಪ್ರತಿ ತಂದೆ. ನಾಳೆ ಅಂಟಿಸಬೇಕು.

ಮಾರ್ಚ್ 19

ಅಂಟಿಸಿಲ್ಲ. ಕಟ್ಟು ಬಿಚ್ಚಿಯೂ ಇಲ್ಲ. ಇಲ್ಲಾದರೂ ಹೇಳಿಬಿಡುತ್ತೇನೆ.

1985, ಜನವರಿ. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರಿಗೆ ಕೆಂಪು ಗೀಟು, ಪಕ್ಕದಲ್ಲಿ ಹೊಸ ಹೆಸರು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು, ಜೊತೆಗೆ ಗುರುತಿಲ್ಲದ ಒಬ್ಬ, ಓವರ್‌ಕೋಟ್ ಬಿಚ್ಚದೆ ಕೂತಿದ್ದ.

"ನಂಗ್ಯಾಕೋ ಗಂಟಲು ಕಟ್ಟಿದೆ," ಅಂದಳು ಅತ್ತೆ. "ಇಸ್ಕ್ರಾ, ಬಾಮ್ಮ. ನೀನ್ ಓದು."

ನನಗೆ ಒಂಬತ್ತು ವರ್ಷ. ಎದುರಿಗೆ ನಿಂತು ಓದಿದೆ — ಜೋರಾಗಿ, ಸ್ಪಷ್ಟವಾಗಿ, ಅವಳೇ ಕಲಿಸಿದ ಹಾಗೆ. ಎಂಥ ಹೆಮ್ಮೆ ನನಗೆ! 'ನಾದ್ಯಾ' ಅಂದಾಗ ನಾಜಿಯೆ ಏಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಎದ್ದಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅತ್ತೆಯ ಗಂಟಲು ಜೂನ್‌ವರೆಗೂ ವಾಸಿಯಾಗಲಿಲ್ಲ. ದಿನಾ ಬೆಳಿಗ್ಗೆ ನಾನೇ ಓದಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೆವು, ಈ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮಾರ್ಚ್ 22, ಶನಿವಾರ

ಸಮಾಧಿಯ ಹತ್ತಿರ ಸಕ್ಕರೆ ಬೆರೆಸಿದ ಬೆಂದ ಗೋಧಿ ಹಂಚಿದೆ. ನಾಜಿಯೆ ಬಂದಳು, ಡಬ್ಬಿ ತುಂಬ ಹಲ್ವಾ ತಂದಿದ್ದಳು.

"ಅಯ್ಯೋ, ಮುದುಕಿ ಆಗ್ಬಿಟ್ಯಲ್ಲೇ!" ಅಂತ ತಬ್ಬಿಕೊಂಡಳು. ಆಮೇಲೆ, "ಶಾಲೆ ಗೇಟ್ ಹತ್ರ ಹುಡುಕ್ದೆ. ಹಾಳೆ ಎಲ್ಲೂ ಕಾಣ್ಲಿಲ್ಲ?"

"ಅಂಟಿಸ್ಲಿಲ್ಲ. ಆ ಹೆಸರೆಲ್ಲ ಕೂಗಿದ್ದು ನಾನು, ನಾಜಿಯೆ."

"ಗೊತ್ತಲ್ಲ! ಅದನ್ನ ಮರೆಯೋಕಾಗತ್ತಾ?" ಡಬ್ಬಿಯ ಮುಚ್ಚಳ ತಿರುವಿ ತೆಗೆದಳು. "ಎಷ್ಟೋ ವರ್ಷ ನಿನ್ನ ಶಪಿಸಿದೀನಿ ಕಣೇ. ನಿನ್ ದನಿ ಕನಸಲ್ಲಿ ಬರೋದು. ಟೀಚರ್ ಮೇಲೆ ಮಾತ್ರ ಒಂದಿನಾನೂ ಸಿಟ್ಟು ಬರ್ಲಿಲ್ಲ, ನೋಡು."

ಹಲ್ವಾದ ತುಂಡು ಕೈಗಿಟ್ಟಳು.

"ತಿನ್ನು. ನೀನೂ ಕೂಸೇ ಅಲ್ವಾ ಆಗ? ಹಾಳೆ ತಗೊಂಡ್ ಬಾ, ಅಂಟ್ಸೋಣ. ಬರ್ದಿರೋದು ಸುಳ್ಳೇನಲ್ಲ."

ಅದೇ ದಿನ, ಸಂಜೆ

ಅಂಟಿಸಿ ಬಂದೆವು. ಅವಳು ಟೇಪ್ ಹರಿದು ಕೊಡುತ್ತಿದ್ದಳು, ನಾನು ಒತ್ತುತ್ತಿದ್ದೆ. ಶಾಲೆಯ ಗೇಟಿನಲ್ಲಿ ಇಬ್ಬರು ಹೆಂಗಸರು ನಿಂತು ಓದಿದರು. "ಬಂಗಾರದಂಥ ಟೀಚರ್," ಅಂದರು. ನಾಜಿಯೆ ಆರರ ಬಸ್ಸಿಗೆ ಹೋದಳು.

ಬಂಗಾರದಂಥವಳೇ, ಇಲ್ಲ ಎನ್ನುವುದಿಲ್ಲ. ಈಗಲೂ ಅವಳೆಂದರೆ ಪ್ರಾಣ. ಆದರೆ ಸಿಟ್ಟು ಬರುತ್ತಿದೆ, ಮೊದಲ ಸಲ, ಮೈ ಉರಿಯುವಷ್ಟು. ಮೂವತ್ತು ಮಕ್ಕಳಿದ್ದರು ಆ ತರಗತಿಯಲ್ಲಿ. ನಾನೇ ಯಾಕೆ, ಅತ್ತೆ? ಬೇರೆಯವರ ಮಗುವಿನ ಬಾಯಲ್ಲಿ ಆ ಹೆಸರು ಹೇಳಿಸಲು ನಿನಗೆ ಮನಸ್ಸಾಗಲಿಲ್ಲ. ನಿನ್ನದು ಅಂತ ಇದ್ದವಳು ನಾನೊಬ್ಬಳೇ. ಅದಕ್ಕೇ ಅಲ್ಲವಾ? ನಾನಾದರೆ ನಿನ್ನನ್ನು ಎಂದೂ ದೂರುವುದಿಲ್ಲ ಅಂತ ಗೊತ್ತಿತ್ತು.