ಕಡ್ಡಿಯನ್ನು ಹತ್ತಿರ ಹಿಡಿ

ಶಿಆನ್
೨೬ ಆಗಸ್ಟ್ ೨೦೦೯

ನನ್ನ ಪುಟ್ಟ ಸೇನಾಪತಿ ಚೈಲಿಂಗ್‌ಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಮುನಿಯಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಮಾತಿಗಿಂತ ಮೊದಲು ನನ್ನ ಏದುಸಿರು ಬಂದು ನಿಲ್ಲುತ್ತದೆ. ಕಾಗದದ ಮೇಲಾದರೆ ಇನ್ನೂ ಹಳೆಯ ಗಂಟಲಿದೆ: ರಂಗದ ಮೇಲೆ ಮೈಕಿಲ್ಲದೆ ಹಾಡಿ ಊರಾಚೆಯ ಗೋಧಿ ಹೊಲದವರೆಗೂ ಮೊಳಗುತ್ತಿದ್ದ, ಕರಿಬಣ್ಣ ಬಳಿದ ಮುಖದ ಸೇನಾಪತಿಯ ಗಂಟಲು. ತೆರೆ ಸರಿಯಿತು ಎಂದುಕೊಂಡು ಕೇಳು.

ಮೊದಲ ಅಂಕ ಆಸ್ಪತ್ರೆಯಲ್ಲಿ. ನಿನ್ನಪ್ಪ ಈಗ ಒಂದು ಸಂಶೋಧನೆಯ ಪ್ರಾಣಿ. ಎಂಫಿಸೀಮಾ ಎಂಬ ಉಸಿರಿನ ಕಾಯಿಲೆ ಹಿಡಿದವರು ಸಿಗರೇಟು ಬಿಟ್ಟರೆ ಶ್ವಾಸಕೋಶ ಎಷ್ಟು ಉಳಿಯುತ್ತದೆ, ಬಿಡುವುದಕ್ಕೆ ಯಾವ ಮಾತ್ರೆ, ಯಾವ ಬುದ್ಧಿಮಾತು ನೆರವಾಗುತ್ತದೆ ಎಂದು ನೋಡುತ್ತಿದ್ದಾರೆ. ನಡೆಸುವವನು ಡಾಕ್ಟರ್ ಟಾಂಗ್, ಎಳೆಯ ಹುಡುಗ; ಹಳೆಯ ಕಲಾವಿದನೆಂದು ನನ್ನನ್ನು ಮೇಷ್ಟ್ರೇ ಎನ್ನುತ್ತಾನೆ. ಹೋದ ಮೊದಲ ದಿನವೇ ಮರ್ಯಾದೆಗೆಂದು ಅವನಿಗೊಂದು ಸಿಗರೇಟು ಚಾಚಿಬಿಟ್ಟೆ. ಅವನು ಎರಡೂ ಕೈಯಿಂದ ತೆಗೆದುಕೊಂಡು, "ಮೇಷ್ಟ್ರೇ, ಇದು ನೀವು ಸೇದದೇ ಬಿಟ್ಟ ಮೊದಲನೇದು" ಎಂದು ಡ್ರಾಯರಿಗೆ ಹಾಕಿದ.

"ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಿ?" ಎಂದು ಕೇಳಿದ.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಿನ್ನಮ್ಮ, "ಏಳೋಕ್ ಮುಂಚೇನೇ" ಎಂದಳು.

ಗಾಳಿ ಒಳಗೆ ಹೋಗುತ್ತದಂತೆ, ಹೊರಗೆ ಬರುವುದಿಲ್ಲವಂತೆ. "ಒಳಗಿನ ಪುಟ್ಟ ಚೀಲಗಳು ಹಳೇ ಚಡ್ಡಿ ಎಲಾಸ್ಟಿಕ್ ಥರ ಸಡಿಲ ಆಗಿವೆ. ಹೋಗಿರೋದು ವಾಪಸ್ ಬರಲ್ಲ, ಮೇಷ್ಟ್ರೇ. ಇರೋದನ್ನ ಉಳಿಸ್ಕೊಳ್ಳೋಣ" ಎಂದ.

ಚಳಿಗಾಲದಿಂದ ಒಂದೂ ಸೇದಿಲ್ಲ. ಆದರೂ ಊಟವಾದೊಡನೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ; ಪರರ ಜೇಬಿಗೆ ಕೈ ಹಾಕಿದವನಂತೆ ಬೆಚ್ಚಿ ಹಿಂದೆಗೆಯುತ್ತೇನೆ. ನಿನ್ನಮ್ಮ ಸೂರ್ಯಕಾಂತಿ ಬೀಜ ಮುಂದಿಡುತ್ತಾಳೆ. ಮನೆಯೆಲ್ಲ ಸಿಪ್ಪೆ.

ಎರಡನೆಯ ಅಂಕದಲ್ಲಿ ನಿನ್ನ ಮಾವನಾಗಲಿರುವವರ ಪ್ರವೇಶ. ಬೀಗರು ಫಾಂಗ್ ಹೋದ ಭಾನುವಾರ ಬಂದಿದ್ದರು. ಕೂರುವ ಮೊದಲೇ ಸಿಗರೇಟು ಚಾಚಿದರು. ಬೇಡ ಎನ್ನಲಾಗದೆ ಕಿವಿಯ ಮೇಲೆ ಸಿಕ್ಕಿಸಿಕೊಂಡೆ.

"ಕಿವೀಲಿದ್ದಿದ್ದು ಬಾಯಿಗೆ ಎಷ್ಟು ದೂರ?" ಎಂದಳು ನಿನ್ನಮ್ಮ, ಹಿಟ್ಟು ನಾದುತ್ತಲೇ.

"ಇವತ್ತು ಬಿಡಿ ಬೀಗರೇ," ಎಂದರು ಫಾಂಗ್, "ಮದುವೆ ದಿನ ಮಾತ್ರ ಬಿಡಲ್ಲ. ಮದುಮಗಳು ಗೀರಿ ಹಚ್ಚಿದ್ದನ್ನ ಹಿರೀಕರು ಬೇಡ ಅಂದ್ರೆ, ಈ ಸಂಬಂಧಾನೇ ಬೇಡ ಅಂದ ಹಾಗೆ. ನಮ್ಮ ಕಡೆಯೋರು ಏನಂದ್ಕೋತಾರೆ?"

ಅಂದಿನಿಂದ ಎದೆಯೊಳಗೆ ನಗಾರಿ. ನನ್ನ ಭಯ ಬೀಗರದ್ದಲ್ಲ, ಮಗಳೇ, ಆ ವಾಸನೆಯದ್ದು. ಅವರು ಹೋದ ಮೇಲೆ ಕಿವಿಯ ಮೇಲಿದ್ದದ್ದನ್ನು ತೆಗೆದು ಮೂಸಿದೆ. ನಿನ್ನಮ್ಮ ಕಸಿದುಕೊಂಡು ನೀರಿನ ತೊಟ್ಟಿಗೆ ಎಸೆದಳು. ಡಾಕ್ಟರ್ ಟಾಂಗ್‌ಗೆ ಹೇಳಿದರೆ, "ಒಂದು ಸೇದಿದ್ರೆ ಅಧ್ಯಯನದಿಂದ ಯಾರೂ ಓಡಿಸಲ್ಲ, ಮೇಷ್ಟ್ರೇ. ಆದ್ರೆ ಆ ಒಂದು ಒಂಟಿಯಾಗಿ ಬರಲ್ಲ" ಎಂದ. ಅದು ನನಗೆ ಗೊತ್ತು. ಇನ್ನೊಮ್ಮೆ ಹಿಡಿದರೆ ನಾನು ಬಿಡಲಾರೆ. ಮುಂದೆ ನಿನಗೆ ಹುಟ್ಟುವ ಮಗುವನ್ನು ಎತ್ತಿಕೊಳ್ಳುವಷ್ಟು ಉಸಿರೂ ಉಳಿಯದು.

ಆದ್ದರಿಂದ ಒಂದು ಉಪಾಯ ಹೂಡಿದ್ದೇನೆ. ಮದುಮಗಳು ಮೇಜಿನಿಂದ ಮೇಜಿಗೆ ಹೋಗಿ ಹಿರಿಯರ ಸಿಗರೇಟು ಹಚ್ಚುವಾಗ ಅವಳನ್ನು ಕಾಡಿಸಲು ನೆಂಟರು ಕಡ್ಡಿಯನ್ನು ಊದಿ ಆರಿಸುತ್ತಾರಲ್ಲ, ಅದೇ ನಮ್ಮ ದಾರಿ. ಸಿಗರೇಟನ್ನು ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ನೀನು ಗೀರು, ನಾನು ತುಟಿಯಂಚಿನಿಂದ ಊದುತ್ತೇನೆ. ಮತ್ತೆ ಗೀರು, ಮತ್ತೆ ಊದುತ್ತೇನೆ. ಮಂದಿ ಹೊಟ್ಟೆ ಹಿಡಿದು ನಗಲಿ. ಕೊನೆಗೆ, "ಹೋಗಪ್ಪ, ನಿಂಗೆ ಸಿಗರೇಟೂ ಇಲ್ಲ ಏನೂ ಇಲ್ಲ" ಎಂದು ಸೊಂಟ ತಿರುಗಿಸಿ ಮುಂದಿನ ಮೇಜಿಗೆ ಹೋಗಿಬಿಡು. ಸಂಪ್ರದಾಯ ಉಳಿಯಿತು, ಬೀಗರ ಮಾನ ಉಳಿಯಿತು, ನಾನೂ ಉಳಿದೆ.

ಲಾಂಜೌದಲ್ಲಿ ರಾತ್ರಿಗಳು ಆಗಲೇ ತಣ್ಣಗಾಗಿರಬೇಕು. ಬೆಚ್ಚಗಿರು. ನಿನ್ನ ಮನೆ ನಗುವಿನಿಂದ ತುಂಬಲಿ, ನಿನ್ನ ಒಲೆ ಎಂದೂ ಆರದಿರಲಿ.

ನಿನ್ನ ಅಪ್ಪ,
ದಾಂಗ್ ಶೌಷಾನ್

ತಾ.ಕ.: ಕಾಗದ ಮಡಿಚುವ ಮೊದಲು ಒಂದು ತಾಲೀಮು ನಡೆಸೋಣ ಎನಿಸಿತು. ನಿನ್ನಮ್ಮ ಕಡ್ಡಿ ಗೀರಿ ಒಂದು ಗೇಣು ದೂರದಲ್ಲಿ ಹಿಡಿದಳು. ಊದಿದೆ. ಉರಿ ಬಾಗಿತು, ಮತ್ತೆ ನೆಟ್ಟಗೆ ನಿಂತಿತು. ಇನ್ನೊಮ್ಮೆ ಊದಿದೆ. ಕಡ್ಡಿ ಅವಳ ಬೆರಳಿನವರೆಗೂ ಉರಿದುಹೋಯಿತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, "ಈ ಸಲದ ಕಡ್ಡಿ ಭಾರಿ ಚೆನ್ನಾಗಿವೆ" ಎಂದಳು, ನನ್ನ ಮುಖ ನೋಡದೆ. ಮಗಳೇ, ಆ ದಿನ ಕಡ್ಡಿಯನ್ನು ನನ್ನ ತುಟಿಗೆ ಆದಷ್ಟು ಹತ್ತಿರ ಹಿಡಿ. ಆಗಲೂ ಆರದಿದ್ದರೆ, ನಿನ್ನ ಮದುವೆಯ ಕೆಂಪು ಅಂಗಿಯ ತೋಳಿನ ಮರೆಯಲ್ಲಿ ಯಾರಿಗೂ ಕಾಣದಂತೆ ನೀನೇ ಊದಿಬಿಡು. ನಾನು ಕೆನ್ನೆ ಉಬ್ಬಿಸಿಕೊಂಡಿರುತ್ತೇನೆ.